ಬರಿಗಾಲ ಸಾಲು

ಕಾಲುಗುರಿಗೆ ಬಣ್ಣ ಹಚ್ಚಿಕೊಂಡು ತಪ್ಪು ಮಾಡಿದೆನೇನೋ, ನಾಳೆ ಎಲ್ಲರೂ ನೋಡುತ್ತಾರೆ. ರಾತ್ರಿ ಡೈರಿಯಲ್ಲಿ ಹೀಗೆ ಬರೆದು ಮಲಗಿದ್ದ ಇಂಚರ ಬೆಳಗ್ಗೆ ಕೇರಿಯ ಹೆಂಗಸರ ಸಾಲಿನಲ್ಲಿ ಬರಿಗಾಲಲ್ಲಿ ನಿಂತಿದ್ದಳು.

“ಏಯ್ ತಿಮ್ಮಕ್ಕ, ನಿನ್ ಮಗಳ ಕಾಲ್ ನೋಡೆ, ಮದ್ವೆಗ್ ಬಂದಂಗ್ ಬಂದವ್ಳೆ,” ಎಂದ ಊರ ಯಜಮಾನ ಬೋರಣ್ಣ ಕುರ್ಚಿಯಿಂದಲೇ. “ಒತ್ತಿ ತುಳೀರೆ ಮುಂಡೇವಾ. ಒಂದ್ ಕಲ್ ಉಳಿದ್ರೂ ಎತ್ತಿನ್ ಗೊರಸು ಹೋಯ್ತದೆ.”

ಎತ್ತಿನ ಗಾಡಿ ಓಟದ ಮುನ್ನಾದಿನ ಕೇರಿಯ ಹೆಂಗಸರು ಮೈದಾನವನ್ನು ತುಳಿದು, ಅಂಗಾಲಿಗೆ ಚುಚ್ಚಿದ ಕಲ್ಲನ್ನೆಲ್ಲ ಹೆಕ್ಕಬೇಕು. ಕನಕಪುರ ರಸ್ತೆ ಬದಿಯ ಆ ಹಳೇ ಊರಿನ ಹೊಲಗಳೆಲ್ಲ ಬೋರಣ್ಣನ ಬಾಡಿಗೆ ಮನೆಗಳಾಗಿ, ಪಕ್ಕದಲ್ಲೇ ಮೆಟ್ರೋ ಓಡಾಡಿದರೂ ಈ ಪದ್ಧತಿ ಮಾತ್ರ ಮಾಸಿರಲಿಲ್ಲ. ಎತ್ತುಗಳಿಗೆ ವಿಮೆಯಿತ್ತು. ಅಂಗಾಲುಗಳಿಗೆ ಸಂಪ್ರದಾಯವಿತ್ತು.

ಇಂಥ ಗ್ರಾಮೀಣ ಸೊಗಡನ್ನು ಉಳಿಸಲು ಸರ್ಕಾರ ಎರಡು ಕೋಟಿ ಕೊಡಲಿತ್ತು. ಮೈದಾನ ದೊಡ್ಡದಾಗುತ್ತದೆ, ಗಣ್ಯರಿಗೆ ಗ್ಯಾಲರಿ, ಎತ್ತುಗಳಿಗೆ ನೆರಳು. ಬೆಳೆಯಲು ಉಳಿದಿದ್ದದ್ದು ಒಂದೇ ದಿಕ್ಕು: ಕೇರಿಯವರು ಹೆಣ ಹೂಳುವ ಜಾಗ. ಅರ್ಜಿಯಲ್ಲಿ ಅದು ಖಾಲಿ ಜಾಗ. ಟೈಪ್ ಮಾಡಿದ್ದು ಇಂಚರಳೇ. ಅವಳು ಕೆಲಸ ಮಾಡುವ ಜಯನಗರದ ಜೆರಾಕ್ಸ್ ಅಂಗಡಿಯಲ್ಲಿ ಬೋರಣ್ಣ ಹೇಳುತ್ತ ಹೋದ, ಬಿ.ಎ. ಮುಗಿಸಿದ ಹುಡುಗಿ ತಲೆಯೆತ್ತದೆ ಒತ್ತುತ್ತ ಹೋದಳು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

ಸ್ಥಳ ನೋಡಲು ಬಂದ ಇಂಜಿನಿಯರ್ ಮಾಧವ, ಬೂಟಿಗೆ ಮಣ್ಣಾಗದಂತೆ ನಿಂತು ಬೇಲಿಯಾಚೆ ಇಣುಕಿದ. “ಅಲ್ಲೇನೋ ದಿಬ್ಬ ಇದೆಯಲ್ರೀ?”

“ಹೆಗ್ಗಣ ತೋಡಿರೋದು ಸಾರ್,” ಎಂದ ಬೋರಣ್ಣ.

ತಿಮ್ಮಕ್ಕನ ಕಾಲು ನಿಂತುಬಿಟ್ಟಿತು. ಹೋದ ವರ್ಷ ಗಂಡನನ್ನು ಅಲ್ಲೇ ಮಣ್ಣು ಮಾಡಿದ್ದಳು.

“ಕೇರಿಯವರು ತಕರಾರು ಮಾಡಲ್ವಾ?”

“ಇವ್ರಾ? ಅರ್ಜಿ ಟೈಪ್ ಮಾಡಿದ್ದೇ ಕೇರಿ ಹುಡ್ಗಿ. ಬಾರಮ್ಮ ಇಂಚರ, ಖಾಲಿ ಅಂತ ಸಾರ್‌ಗೆ ಹೇಳು. ಬಾಯ್ ಬಿಡೆ, ಗ್ರಾಜುಯೇಟು.”

ಬೋರಣ್ಣನ ಕಡೆಯವರು ನಕ್ಕರು. ಇಂಚರ ತನ್ನ ಬಣ್ಣದ ಉಗುರುಗಳನ್ನು ನೋಡಿದಳು. ಆಮೇಲೆ, ಬೆಳಗ್ಗಿನಿಂದ ಹೆಕ್ಕಿದ ಕಲ್ಲುಗಳ ಮಂಕರಿಯನ್ನು ಎತ್ತಿ ಓಟದ ಹಾದಿಯ ನಡುವೆ ಬೋರಲು ಹಾಕಿದಳು.

ಇಂಜಿನಿಯರ್ ಕಡೆ ತಿರುಗಿದಳು.

“ನಾನ್ ಸುಳ್ ಟೈಪ್ ಮಾಡ್ದೆ ಸಾರ್. ಅದು ಖಾಲಿ ಇಲ್ಲ. ಅಲ್ಲಿ ನಮ್ಮಪ್ಪ ಮಲಗವ್ನೆ.”