ಏಳು ಆನೆ ಮತ್ತು ಹದಿನೈದು ನಿಮಿಷ

ನಾನು ಸ್ಟೇರಿಂಗ್ ಹಿಡಿದರೆ ರಸ್ತೆಯ ಗುಂಡಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಒಮ್ಮೆ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಾಗ, "ನಿಲ್ಲೇ!" ಎಂದು ಒಂದೇ ಮಾತು ಗದರಿದೆ. ಬಸ್ಸು ಶಾಲೆಯ ಗೇಟಿಗೆ ನಾಲ್ಕು ಬೆರಳು ದೂರದಲ್ಲಿ ನಿಂತು, ತಪ್ಪಾಯಿತು ಎನ್ನುವಂತೆ ಎರಡು ಸಲ ಹಾರ್ನು ಮಾಡಿತು.

ಇದನ್ನೆಲ್ಲ ಎದುರಿಗೆ ಕೂತಿದ್ದ ತಪಾಸಣೆ ಮೇಡಂಗೆ ಹೇಳಿ, "ಅರ್ಜೀಲಿ ಜಾಗ ಸಾಲ್ಲಿಲ್ಲ, ಅದಕ್ಕೇ ಬರೀಲಿಲ್ಲ" ಅಂದೆ. ಆಕೆ ನಗಲಿಲ್ಲ. ಹೊರಗೆ ನಲ್ಲಿಯ ಹತ್ತಿರ ಮಕ್ಕಳ ಲೋಟ ತೊಳೆಯುತ್ತಿದ್ದ ನಮ್ಮ ಬಸ್ಸಿನ ಆಯಾ ಮಾತ್ರ ಕಿಟಕಿಯಿಂದಲೇ ಕೂಗಿದಳು, "ಮೇಡಂ, ಆ ಅಣ್ಣನ ಮಾತು ಕೇಳೋಕೆ ಇನ್ನೊಂದ್ ಜೊತೆ ಕಿವಿ ಸಾಲ ತರ್ಬೇಕು!"

ಹೊಸ ನಿಯಮ ಬಂದಿತ್ತು. ಮೊದಲಾದರೆ ಪೊಲೀಸರ ಒಂದು ಕಾಗದ, ಎರಡು ಫೋಟೊ ಕೊಟ್ಟರೆ ಮುಗಿಯಿತು. ಈಗ ಹೆಡ್‌ಮಾಸ್ಟರಿಂದ ಹಿಡಿದು ಗಿಡಕ್ಕೆ ನೀರು ಹಾಕುವವನವರೆಗೆ, ಮಕ್ಕಳ ನಡುವೆ ಓಡಾಡುವ ಪ್ರತಿಯೊಬ್ಬರೂ ಹಿಂದೆ ಎಲ್ಲೆಲ್ಲಿ ದುಡಿದಿದ್ದೆವು, ಯಾಕೆ ಬಿಟ್ಟೆವು ಎಂದು ಲೆಕ್ಕ ಒಪ್ಪಿಸಬೇಕು. ಹನ್ನೊಂದು ವರ್ಷದಿಂದ ಇಲ್ಲಿ ಬಸ್ಸು ಓಡಿಸುತ್ತಿರುವ ನನಗೂ ವಿನಾಯಿತಿಯಿಲ್ಲ. ಈ ವಿಚಾರಣೆಗೆ ಖಾಲಿ ಇದ್ದದ್ದು ಶಿಶುವಿಹಾರದ ಕೋಣೆ ಮಾತ್ರ. ಮೊಳದೆತ್ತರದ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದೆ. ಎದುರಿನ ಗೋಡೆಯ ತುಂಬ ಮಕ್ಕಳು ಬಣ್ಣ ಹಚ್ಚಿ ಒತ್ತಿದ ಅಂಗೈಗಳು.

"ಎಂಟು ವರ್ಷ ಲಾರಿ. ಆಮೇಲೆ ಈ ಶಾಲೆ. ನಡುವೆ ಹದಿನಾಲ್ಕು ತಿಂಗಳು ಏನೂ ಬರ್ದಿಲ್ವಲ್ಲ?" ಎಂದರು ಮೇಡಂ.

"ಆಗ ಸರ್ಕಸ್ಸಿನವ್ರು ಕಾಲಿಗೆ ಬಿದ್ದು ಕರ್ಕೊಂಡ್ ಹೋಗಿದ್ರು. ಆನೆ ಸಾಗಿಸೋಕೆ."

"ಎಷ್ಟು ಆನೆ?"

"ಏಳು."

"ಒಂದೇ ಲಾರಿಲಾ?"

"ಮರಿಗಳು ಮೇಡಂ, ಮರಿಗಳು," ಎಂದೆ. ಹೊರಗೆ ಆಯಾ ಲೋಟ ಕೆಳಗೆ ಹಾಕಿ ನಕ್ಕಳು.

ಮೇಡಂ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು. "ಇವತ್ತು ಆರು ಜನ ಡ್ರೈವರನ್ನ ಮಾತಾಡ್ಸಿದೆ. ಟ್ರಿಪ್ ಮುಗಿದ ಮೇಲೆ ಕನ್ನಡೀಲಿ ಒಂದ್ಸಲ ನೋಡ್ತೀವಿ ಅಂದ್ರು ಐದು ಜನ. ನೀವೊಬ್ರೇ ಕೊನೇ ಸೀಟಿನ ತನಕ ನಡ್ಕೊಂಡು ಹೋಗಿ, ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡ್ತೀರಂತೆ. ಯಾರು ಹೇಳ್ಕೊಟ್ರು?"

"ಸೊಂಟಕ್ಕೆ ಒಳ್ಳೇದು."

ಆಕೆ ಫೈಲಿನಿಂದ ಒಂದು ಹಾಳೆ ತೆಗೆದರು. ನಮ್ಮೆಲ್ಲರ ಹೆಸರನ್ನು ಸುತ್ತಲಿನ ಶಾಲೆಗಳಿಗೆಲ್ಲ ಕಳಿಸಿದ್ದರಂತೆ. ಒಂದು ಶಾಲೆಯಿಂದ ಉತ್ತರ ಬಂದಿತ್ತು. ಆ ಹದಿನಾಲ್ಕು ತಿಂಗಳು ನಾನು ಆನೆ ಸಾಗಿಸಿದ್ದಲ್ಲ, ಅವರ ಮಕ್ಕಳನ್ನು.

"ಓದ್ತೀನಿ, ಕೇಳಿ," ಎಂದರು. "ಪ್ರವಾಸದ ದಿನ ಒಂದು ಮಗು ಸುಮಾರು ಹದಿನೈದು ನಿಮಿಷ ಬೀಗ ಹಾಕಿದ ಬಸ್ಸಿನಲ್ಲಿ ಉಳಿದಿತ್ತು. ತೊಂದರೆಯೇನೂ ಆಗಲಿಲ್ಲ. ಚಾಲಕರು ತಾವಾಗಿಯೇ ಕೆಲಸ ಬಿಟ್ಟರು." ಹಾಳೆ ಮಡಚಿದರು. "ಮುಚ್ಚಿಟ್ಟಿದ್ದು ತಪ್ಪು. ಆದ್ರೆ ನಡೆದಿದ್ದು ಇಷ್ಟೇ ಆಗಿದ್ರೆ ಎಚ್ಚರಿಕೆ ಕೊಟ್ಟು ಮುಗಿಸ್ಬಹುದು. ನಾಳೆ ಬೆಳಿಗ್ಗೆ ನೀವೇ ಬಸ್ ತೆಗೀಬಹುದು. ಇಷ್ಟೇನಾ?"

ಹೂಂ ಎಂದರೆ ಸಾಕಿತ್ತು. ಜೀವಮಾನದಲ್ಲಿ ಅಷ್ಟು ಚಿಕ್ಕ ಸುಳ್ಳನ್ನು ನಾನು ಹೇಳಿದ್ದೇ ಇಲ್ಲ. ಜೇಬಿನಲ್ಲಿದ್ದ ಬಸ್ಸಿನ ಕೀ ತೊಡೆಗೆ ಒತ್ತುತ್ತಿತ್ತು. ಗೋಡೆಯ ಮೇಲಿನ ಅಂಗೈಗಳ ಕಡೆ ನೋಡಬಾರದೆಂದುಕೊಂಡೇ ನೋಡಿದೆ. ಕೆಳಗಿನ ಸಾಲಿನಲ್ಲಿ ಒಂದು ಹಳದಿ ಅಂಗೈ ಜಾರಿ, ಬೆರಳುಗಳು ಉದ್ದಕ್ಕೆ ಎಳೆದುಕೊಂಡಿದ್ದವು.

"ಆನೆ ಒಂದೂ ಇರ್ಲಿಲ್ಲ ಮೇಡಂ," ಎಂದೆ.

"ಗೊತ್ತು."

"ಹದಿನೈದು ನಿಮಿಷಾನೂ ಅಲ್ಲ."

ನಲ್ಲಿಯ ಸದ್ದು ನಿಂತಿತು. ಆಯಾ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳಲಿ ಎಂದುಕೊಂಡು ಹೇಳಿದೆ. ಆ ಪ್ರವಾಸದ ದಿನ ಬೆಳಿಗ್ಗೆ ಹತ್ತಕ್ಕೆ ಉದ್ಯಾನದ ಮುಂದೆ ಮಕ್ಕಳನ್ನು ಇಳಿಸಿದ್ದೆ. ಕನ್ನಡಿಯಲ್ಲಿ ಒಮ್ಮೆ ನೋಡಿ ಬೀಗ ಹಾಕಿದೆ. ಚಹಾದಂಗಡಿಯಲ್ಲಿ ನಾಲ್ಕು ಜನ ಸಿಕ್ಕರು, ಬ್ರೇಕು ಕೈಕೊಟ್ಟ ಕಥೆ ಶುರು ಮಾಡಿದೆ. ಊಟದ ಹೊತ್ತಿಗೆ ಟೀಚರು ತಲೆ ಎಣಿಸಿದಾಗ ಒಂದು ಕಡಿಮೆ. ಎಲ್ಲರಿಗಿಂತ ಮೊದಲು ಬಸ್ಸಿಗೆ ಓಡಿದವನು ನಾನು. ಕೊನೆಯ ಸೀಟಿನ ಕೆಳಗೆ ಮಗು ಬೆವರಿನಲ್ಲಿ ತೊಯ್ದು ಮುದುಡಿಕೊಂಡಿತ್ತು. ಅತ್ತು ಅತ್ತು ದನಿ ಹೋಗಿತ್ತು. "ನಿದ್ದೆ ಬರ್ತಿದೆ ಅಂತು, ಈಗ ಹದಿನೈದು ನಿಮಿಷದ ಹಿಂದೆ ನಾನೇ ಮಲಗಿಸಿದ್ದೆ" ಎಂದೆ ಟೀಚರಿಗೆ. ಎರಡು ಗಂಟೆ ಕಾಲ ತಲೆ ಎಣಿಸದೇ ಇದ್ದ ಅವರಿಗೂ ಆ ಮಾತೇ ಬೇಕಾಗಿತ್ತು. ನಾಲ್ಕು ವರ್ಷದ ಮಗುವಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ.

"ಇಲ್ಲಿ ಸೇರುವಾಗ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ಕೇಳಿದ್ರೂ ಆನೆ ಕಥೇನೇ ಹೇಳ್ತಿದ್ನೇನೋ."

ಕಂಡದ್ದನ್ನೆಲ್ಲ ಹತ್ತು ಪಟ್ಟು ಹಿಗ್ಗಿಸಿ ಹೇಳಿದವನು ನಾನು. ಅದೊಂದನ್ನು ಮಾತ್ರ ಎಂಟು ಪಟ್ಟು ಕುಗ್ಗಿಸಿದ್ದೆ.

ಮೇಡಂ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ನಾನು ಕೀಯನ್ನು ಆ ಪುಟ್ಟ ಮೇಜಿನ ಮೇಲಿಟ್ಟೆ.

"ಇನ್ನೂ ಒಂದಿದೆ, ಅದನ್ನೂ ಬರ್ಕೊಳ್ಳಿ," ಎಂದೆ. "ಹಿಂದಿನ ಕಿಟಕಿ ಗಾಜಿನ ತುಂಬ, ಒಳಗಡೆಯಿಂದ, ಮಗೂನ ಅಂಗೈ ಗುರುತಿತ್ತು. ಟೀಚರು ಬರೋದ್ರೊಳಗೆ ನಾನು ಒರೆಸಿಬಿಟ್ಟಿದ್ದೆ."