ಬಾಲಯೇಸುವಿನ ಬೂಟಿನಡಿ

ಇಲೋಇಲೋ ಊರಿನ ಪಾರ್ಸೆಲ್ ಗೋದಾಮಿನಲ್ಲಿ ಸ್ಕ್ಯಾನರ್ ಟೀಂಕ್ ಅಂದರೆ ಅದು ಪೆಟ್ಟಿಗೆ, ಅನ್ನದಿದ್ದರೆ ಬರೀ ರಟ್ಟು. ಟೀಂಕ್ ಅನ್ನಿಸಿಕೊಳ್ಳದ ಯಾವುದೂ ಬಾಗಿಲು ದಾಟುವ ಹಾಗಿಲ್ಲ. ಹನ್ನೆರಡು ವರ್ಷದಿಂದ ಆ ಸ್ಕ್ಯಾನರ್ ಹಿಡಿದಿದ್ದ ನೆನಿತಾ ಇದೇ ನಿಯಮ ಹೇಳಿ ಎಷ್ಟೋ ಜನರನ್ನು ಬೈದು ಕಳಿಸಿದ್ದಳು. ಇವತ್ತು ಅವಳ ಮನೆಯ ಪೆಟ್ಟಿಗೆಯೇ ಪಿಟ್ಟೆನ್ನದೆ ಕೂತಿತ್ತು.

ಹಾಂಗ್‌ಕಾಂಗ್‌ನಲ್ಲಿ ಯಾರದೋ ಮನೆ ಒರೆಸುವ ತಂಗಿ ಮರ್ಲಿನ್ ಕಳಿಸಿದ್ದು. ಒಳಗೆ ಅವಳ ಮಗಳ ಮದುವೆಯ ಗೌನು. ಮದುವೆ ನಾಳೆ ಬೆಳಗ್ಗೆ, ಎದುರಿನ ದ್ವೀಪದಲ್ಲಿ. ಮಧ್ಯಾಹ್ನದ ದೋಣಿ ತಪ್ಪಿದರೆ ಹುಡುಗಿ ದೊಡ್ಡಮ್ಮ ನೆನಿತಾಳ ಹಳೇ ಗೌನಿಗೆ ಪಿನ್ನು ಚುಚ್ಚಿಕೊಂಡು ಚರ್ಚಿಗೆ ಹೋಗಬೇಕು. ಅದರಲ್ಲಿ ಅಂಥ ಹುಡುಗಿಯರು ಇಬ್ಬರು ಹಿಡಿಯುತ್ತಾರೆ.

ತಪ್ಪು ಮರ್ಲಿನ್‌ಳದೇ. ಸುಖವಾಗಿ ತಲುಪಲಿ ಅಂತ ವಿಳಾಸದ ಚೀಟಿಯ ಮೇಲೆ ಬಾಲಯೇಸುವಿನ ಸ್ಟಿಕ್ಕರು ಅಂಟಿಸಿದ್ದಳು. ಅದೂ ಸಾಲದೆ ಕಳ್ಳರ ಭಯಕ್ಕೆ ನಾಲ್ಕು ಸುತ್ತು ಟೇಪು ಬಿಗಿದಿದ್ದಳು. ಕಿರೀಟ ತೊಟ್ಟ ಪುಟ್ಟ ದೊರೆ ಬಾರ್‌ಕೋಡಿನ ಬಲತುದಿಯ ಗೀಟುಗಳನ್ನೂ ಕೆಳಗಿನ ಅಂಕೆಗಳನ್ನೂ ಬೂಟಿನಡಿ ಮೆಟ್ಟಿಕೊಂಡು ಆಶೀರ್ವಾದ ಮಾಡುತ್ತಿದ್ದ. ಈ ಊರವರೆಲ್ಲ ಹೀಗೆಯೇ, ದೇವರನ್ನು ಎಲ್ಲಿ ನಿಲ್ಲಿಸಬಾರದೋ ಅಲ್ಲೇ ನಿಲ್ಲಿಸುತ್ತಾರೆ.

ಮನಿಲಾದಿಂದ ಬಂದ ಹೊಸ ಸೂಪರ್‌ವೈಸರ್ ಜೆರೋಮ್ ಸ್ಕ್ಯಾನರ್ ಕಿತ್ತುಕೊಂಡು ಚೀಟಿಗೆ ಅದರ ಮೂತಿ ತಾಗಿಸಿ ಒತ್ತಿದ. ಮತ್ತೆ ಒತ್ತಿದ.

"ಏನ್ ಸರ್, ಮುತ್ತು ಕೊಡಿಸ್ತಿದೀರಾ?" ಅಂದಳು ನೆನಿತಾ. "ಒಂದು ಗೇಣು ಹಿಂದೆ ಬನ್ನಿ. ಟೇಪು ಹೊಳೀತಿದೆ, ಸ್ವಲ್ಪ ಓರೆ ಹಿಡೀರಿ. ಕೆಂಪು ಗೆರೆ ಈ ತುದಿಯಿಂದ ಆ ತುದಿ ಮುಟ್ಟಬೇಕು."

"ಆ ತುದೀಲಿ ದೇವರಿದಾನಲ್ಲ, ಮನಾಂಗ್!" ಊರವರ ಹಾಗೆ ಅವನೂ ಅವಳನ್ನು ಅಕ್ಕಾ ಅಂತಲೇ ಕರೆಯುತ್ತಿದ್ದ.

"ಅದೇ ಕಣ್ರೀ ತೊಂದ್ರೆ."

"ಹಾಗಾದ್ರೆ ಕಿತ್ತಾಕಿ."

"ನೀವೇ ಕೀಳಿ ಸರ್."

ಜೆರೋಮ್ ಕೈ ಹಿಂದಕ್ಕೆ ಕಟ್ಟಿಕೊಂಡ. ಅವನ ಹೆಂಡತಿ ತುಂಬು ಬಸುರಿ. ಲೋಡು ಹಾಕುವವರೆಲ್ಲ ಒಮ್ಮೆಲೇ ಚಾವಣಿ ನೋಡತೊಡಗಿದರು.

ದೋಣಿಗೆ ಹೋಗುವ ಲಾರಿ ಹಾರ್ನ್ ಹೊಡೆಯಿತು. ನೆನಿತಾ ಬ್ಲೇಡು ಕೈಗೆತ್ತಿಕೊಂಡು ಒಮ್ಮೆ ತಡೆದಳು. ದೇವರ ಭಯವೇನೂ ಅಲ್ಲ, ಅವನು ಕ್ಷಮಿಸುವುದನ್ನೇ ಕಸುಬು ಮಾಡಿಕೊಂಡವನು. ಆದರೆ ಸ್ಟಿಕ್ಕರಿನ ಜೊತೆ ಗೀಟೂ ಕಿತ್ತು ಬಂದರೆ ಎಲ್ಲ ಮುಗಿಯಿತು.

"ಕಾಲೆತ್ತೋ ಮರಿ, ಒಂದೇ ನಿಮಿಷ," ಅನ್ನುತ್ತ ಬ್ಲೇಡಿನಲ್ಲಿ ಟೇಪು ಸೀಳಿ, ಬಿಸಿಯುಸಿರು ಊದಿ, ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿದಳು. ಬೂಟೆರಡೂ ಮೊಣಕಾಲಿನವರೆಗೆ ಹರಿದು ಅವಳ ಹೆಬ್ಬೆರಳಿಗೆ ಅಂಟಿಕೊಂಡವು. ಗೀಟುಗಳು ಮಾಸಿದ್ದರೂ ಉಳಿದಿದ್ದವು. ಒಂದು ಗೇಣು ಹಿಂದೆ ಸರಿದು, ಸ್ಕ್ಯಾನರ್ ಓರೆ ಹಿಡಿದು, ಉಸಿರು ಕಟ್ಟಿ ಒತ್ತಿದಳು.

ಟೀಂಕ್.

ಪೆಟ್ಟಿಗೆ ಲಾರಿ ಹತ್ತಿದ ಮೇಲೆ ಮರ್ಲಿನ್‌ಳ ವಿಡಿಯೋ ಕಾಲ್ ಬಂತು. ಮಗಳ ಮದುವೆಗೂ ರಜೆ ಸಿಗದೆ ಅತ್ತು ಮುಖ ಊದಿಕೊಂಡಿತ್ತು.

"ಹೋಯ್ತಾ ಮನಾಂಗ್?"

"ಹೋಯ್ತು ಇಂದಾಯ್, ಹೋಯ್ತು ಕಣೇ ತಂಗಿ. ನಿನ್ನ ದೇವರ ಕಾಲು ಮುರ್ದು ಕಳ್ಸಿದೀನಿ." ನೆನಿತಾ ಹೆಬ್ಬೆರಳು ತೋರಿಸಿದಳು.

ಮರ್ಲಿನ್ ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತಲೇ ಮತ್ತೆ ಅಳು ಬಂತು.

"ನಂಗೆ ಬರೋಕಾಗಲ್ಲ, ನೀನಾದ್ರೂ ಹೋಗಿ ಅವಳ ಪಕ್ಕ ನಿಂತ್ಕೋ ಅಂತ ಅವನ್ನ ಅಂಟಿಸಿದ್ದೆ."

"ಕಾಲಿಲ್ದಿದ್ರೂ ಹೊರಟ ನೋಡು," ಅಂದಳು ನೆನಿತಾ. "ನಿಂಗೆ ಎರಡೂ ಗಟ್ಟಿಯಾಗಿದ್ರೂ ಬಿಡ್ಲಿಲ್ಲ ಆ ಮನೆಯವ್ರು."