ಏಳನೇ ಮೂಲೆ

ಏಳು ಮರದ ಪಟ್ಟಿಗಳನ್ನು ಮೇಜಿನ ಮೇಲೆ ಸುತ್ತಲೂ ಜೋಡಿಸುತ್ತಾ ಬಂದವಳು ಕೊನೆಯ ಮೂಲೆಗೆ ಬಂದು ಕೈ ತಡೆದಳು. ಆರು ಮೂಲೆಗಳು ಅಚ್ಚುಕಟ್ಟಾಗಿ ಕೂತಿದ್ದವು. ಏಳನೆಯದು ಹೊರತುದಿಯಲ್ಲಿ ತಾಗಿಕೊಂಡು ಒಳಗಡೆ ಬಾಯಿ ಬಿಟ್ಟಿತ್ತು.

ಕನ್ನಡಿಗಳಿಗೆ ಚೌಕಟ್ಟು ಮಾಡುವ ಆ ಅಂಗಡಿಯಲ್ಲಿ ಗರಗಸದ ಯಂತ್ರಕ್ಕೆ ಮೈದುನನೇ ಒಡೆಯ. ಅವನ ಮಣಿಕಟ್ಟು ಉಳುಕಿದ್ದರಿಂದ ಈ ಒಂದು ಚೌಕಟ್ಟು ಅವಳ ಪಾಲಿಗೆ ಬಂದಿತ್ತು. ಇಷ್ಟು ವರ್ಷ ಅವಳು ಉಜ್ಜಿದ್ದಳು, ಪಾಲಿಶ್ ಹಚ್ಚಿದ್ದಳು, ಕೊಯ್ದಿರಲಿಲ್ಲ.

"ಏನತ್ತಿಗೆ, ಆ ಸಂದಿಯಲ್ಲಿ ಇಲಿ ಸಾಕ್ತೀರಾ?" ಮೈದುನ ನಕ್ಕ.

"ಸುಮ್ನಿರೋ," ಎಂದ ಗಂಡನಿಗೂ ನಗು ಬಂದಿತ್ತು. "ಇರೋದು ಇನ್ನೊಂದು ಚೌಕಟ್ಟಿಗಾಗೋಷ್ಟು ಮರ. ಬಿಡೇ, ಅವನ ಕೈ ವಾಸಿಯಾಗ್ಲಿ, ಅವನೇ ಕೊಯ್ತಾನೆ. ನೀನು ಪಾಲಿಶ್ ನೋಡ್ಕೋ."

"ತಡ್ಕೊಳ್ರೀ. ತಪ್ಪೆಲ್ಲಿ ಅಂತ ಗೊತ್ತಾಗ್ದೆ ನಾನು ಬಿಡಲ್ಲ."

ನಾಲ್ಕು ಮೂಲೆಗೆ ನಲವತ್ತೈದು ಡಿಗ್ರಿ, ಆರಕ್ಕೆ ಮೂವತ್ತು; ಇವು ಅಂಗಡಿಯಲ್ಲಿ ಎಲ್ಲರಿಗೂ ಬಾಯಿಪಾಠ. ಏಳಕ್ಕೆ ಅವಳೇ, ಮೂಲೆಗೆ ಎರಡು ಕೊಯ್ತದಂತೆ, ಮುನ್ನೂರ ಅರವತ್ತನ್ನು ಹದಿನಾಲ್ಕರಿಂದ ಭಾಗಿಸಿದ್ದಳು. 25.71 ಬಂತು. ಯಂತ್ರದ ಮೇಲೆ ದಶಾಂಶವಿಲ್ಲ, ಡಿಗ್ರಿ ಮತ್ತು ನಿಮಿಷ ಮಾತ್ರ. ಎಪ್ಪತ್ತೊಂದು ನಿಮಿಷವೆಂದುಕೊಂಡು, ಅದರಲ್ಲಿ ಅರವತ್ತನ್ನು ಒಂದು ಡಿಗ್ರಿಯಾಗಿ ಕೂಡಿಸಿ, ಇಪ್ಪತ್ತಾರು ಡಿಗ್ರಿ ಹನ್ನೊಂದು ನಿಮಿಷಕ್ಕೆ ತಿರುಗಿಸಿದ್ದಳು. ಎಷ್ಟು ಸಲ ಮಾಡಿದರೂ ಅದೇ ಲೆಕ್ಕ.

ಗೋಂದಿನ ಡಬ್ಬಿಯತ್ತ ಕಣ್ಣು ಹೋಯಿತು. 'ಒಣಗಲು 1.5 ಗಂಟೆ.' ಅದನ್ನವಳು ಯಾವತ್ತೂ ಒಂದು ಗಂಟೆ ಐದು ನಿಮಿಷ ಎಂದು ಓದಿದವಳಲ್ಲ. ಒಂದೂವರೆ ಗಂಟೆ. ಅಂದರೆ ಆ .5 ಮೂವತ್ತು ನಿಮಿಷ. ಹಾಗಾದರೆ ಈ ಎಪ್ಪತ್ತೊಂದೂ ನಿಮಿಷವಲ್ಲ, ಡಿಗ್ರಿಯ ನೂರು ಪಾಲಿನಲ್ಲಿ ಎಪ್ಪತ್ತೊಂದು! ಅದನ್ನು ಅರವತ್ತರಿಂದ ಗುಣಿಸಿದಳು. ನಲವತ್ತಮೂರು ನಿಮಿಷ, ಹತ್ತಿರ ಹತ್ತಿರ. ಒಂದೊಂದು ಕೊಯ್ತದಲ್ಲೂ ಇಷ್ಟಿಷ್ಟೇ ಹೆಚ್ಚಾದದ್ದೆಲ್ಲ ಕೊನೆಯ ಮೂಲೆಯ ತಲೆಗೆ ಬಂದಿತ್ತು.

ಉಳಿದ ಮರವನ್ನು ಎತ್ತಿಕೊಂಡಳು.

"ಅದೂ ಹಾಳಾದ್ರೆ ಏನೇ ಮಾಡೋದು?"

"ಆಗಲ್ಲ ರೀ."

ಇಪ್ಪತ್ತೈದು ಡಿಗ್ರಿ ನಲವತ್ತಮೂರು ನಿಮಿಷಕ್ಕೆ ತಂದು ತಿರುಪು ಬಿಗಿದಳು. ಗರಗಸ ಚೀರಿತು, ಮರದ ಹುಡಿ ಮುಖಕ್ಕೆ ಹಾರಿತು. ಅವಳು ಕಣ್ಣು ಕದಲಿಸಲಿಲ್ಲ.

ಹೊಸ ಏಳು ಪಟ್ಟಿಗಳನ್ನು ಜೋಡಿಸಿದಾಗ ಏಳನೇ ಮೂಲೆ ತುಟಿಗೆ ತುಟಿ ಸೇರಿದಂತೆ ಮುಚ್ಚಿಕೊಂಡಿತು. ಮೈದುನ ಉಗುರು ತೂರಿಸಲು ನೋಡಿದ, ಆಗಲಿಲ್ಲ.

"ಪರವಾಗಿಲ್ವೇ ಅತ್ತಿಗೆ! ಇರ್ಲಿ, ಮುಂದಿನ ವಾರ ನಾನು ಯಂತ್ರಕ್ಕೆ ಬಂದ್ರೆ ನಿಮಗೆ ಈ ತಲೆನೋವಿಲ್ಲ."

ಅವಳು ಹೂಂಗುಟ್ಟಿ, ಗರಗಸದ ಸುತ್ತಲಿನ ಹುಡಿಯನ್ನು ಕುಂಚದಿಂದ ಒತ್ತರಿಸತೊಡಗಿದಳು. ಮುಂದಿನ ವಾರವೂ, ಅದರ ಮುಂದಿನ ವಾರವೂ ಈ ಯಂತ್ರದೆದುರು ತಾನು ನಿಲ್ಲುವವಳೇ. ಬೇಕಾದರೆ ಅವನು ಪಕ್ಕದಲ್ಲಿ ನಿಲ್ಲಲಿ. ಇದನ್ನು ಈಗಲೇ ಬಾಯಿಬಿಟ್ಟು ಹೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ.